ಪಡಸಾಲೆಗೆ ಬಂದ ಕುರ್ಚಿ

ಕೊರವಂಗಲ
ಜನವರಿ ೧೯, ೨೦೨೫, ಭಾನುವಾರ

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆ ರೂಪಶ್ರೀ ಮಾಡುವ ನಮಸ್ಕಾರಗಳು. ಮಂಡಿನೋವು ಹೇಗಿದೆ? ಕೊಣನೂರಿನಲ್ಲಿ ಹೊಳೆ ಕಡೆಯ ಗಾಳಿಗೆ ಚಳಿ ಹೆಚ್ಚಂತೆ, ಪ್ರತಿಭಾ ಹೇಳಿದಳು. ಮಗಳ ಮನೆ ಅಂತ ಬೆಳಗ್ಗೆ ಎದ್ದ ಕೂಡಲೇ ತಣ್ಣೀರಲ್ಲಿ ಪಾತ್ರೆಗೆ ಕೈ ಹಾಕಬೇಡಿ. ಬಿ.ಪಿ. ಮಾತ್ರೆ ತಿಂಡಿ ಆದಮೇಲೆ, ನೆನಪಿರಲಿ. ನೀವು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಆಮೇಲೆ ಆ ಗಂಟು ಯಾತಕ್ಕೆ ಹಾಕಿದೆ ಅಂತ ನನ್ನನ್ನೇ ಕೇಳುವವರು. ಅಲ್ಲಿ ಯಾರನ್ನು ಕೇಳುತ್ತೀರೋ ಏನೋ.

ಅಕ್ಷರ ನೋಡಿ ಗಾಬರಿಯಾಗಬೇಡಿ. ಮಾತು ನನ್ನದು, ಬರೆಯುತ್ತಿರುವ ಕೈ ಮಾವನದು. ನನ್ನ ಬಲಗೈಯಲ್ಲಿ ಈಗ ಪೆನ್ನು ನಿಲ್ಲುವುದಿಲ್ಲ. ಫೋನು ಮಾಡಿದರೆ ನೀವು ‘ಚೆನ್ನಾಗಿವ್ನಿ ಕಣವ್ವ’ ಅಂದು ಪ್ರತಿಭಾಳ ಕೈಗೆ ದಾಟಿಸಿಬಿಡುತ್ತೀರಿ. ನಿಮ್ಮ ಮಗನಿಗೆ ಹೇಳಿದರೆ ವಾಟ್ಸಾಪಿನಲ್ಲಿ ಹಾಕುತ್ತೇನೆ ಅನ್ನುತ್ತಾರೆ, ನೀವು ಅದನ್ನು ಮುಟ್ಟುವವರಲ್ಲ. ಕೊನೆಗೆ ಮಾವನೇ ಡೇರಿಯ ಹಳೆ ಪ್ಯಾಡು ತೆಗೆದುಕೊಂಡು ಬಂದು ‘ಹೇಳವ್ವ, ಬರ್ಕತೀನಿ’ ಅಂದರು. ನಾನು ಮೊದಲೇ ಕರಾರು ಹಾಕಿದ್ದೇನೆ. ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು, ತಮ್ಮ ವಿಷಯ ಬಂದಾಗ ಹಾರಿಸುವ ಹಾಗಿಲ್ಲ. ಒಪ್ಪಿಕೊಂಡಿದ್ದಾರೆ. ಆದರೂ ಇಷ್ಟು ವರ್ಷ ಡೇರಿ ಸೆಕ್ರೆಟರಿ ಆಗಿದ್ದವರು ನೋಡಿ, ನಾನು ನಮ್ಮ ಮಾತಲ್ಲಿ ಹೇಳಿದರೆ ಅವರು ವಾರ್ಷಿಕ ವರದಿಯ ಕನ್ನಡ ಮಾಡಿಬಿಡುತ್ತಾರೆ. ‘ಇಲ್ಲಿ ಎಲ್ಲರೂ ಕ್ಷೇಮ’ ಅಂತ ಶುರುಮಾಡಲು ಹೊರಟಿದ್ದರು, ನಾನೇ ಬೇಡ ಅಂದೆ. ಈ ಮನೆಗೆ ಬಂದಾಗಿನಿಂದ ಮಾವನ ಎದುರು ನಾನು ಇಷ್ಟು ಮಾತಾಡಿದ್ದಿಲ್ಲ. ಅವರ ಮುಖ ನೋಡಿದರೆ ಬಾಯಿ ಕಟ್ಟುತ್ತದೆ ಅಂತ ಕಿಟಕಿಯ ಕಡೆ ತಿರುಗಿಕೊಂಡು ಹೇಳುತ್ತಿದ್ದೇನೆ.

ಮನೆಯ ಸುದ್ದಿ ಹೇಳಿಬಿಡುತ್ತೇನೆ. ಕಪ್ಪು ಹಸು ಮಾವ ಕೂತರೆ ಹಾಲು ಸೊರೆಬಿಡುವುದಿಲ್ಲ, ನಿಮ್ಮ ಹಳೆ ಸೀರೆ ಹೊದ್ದುಕೊಂಡು ಹೋಗಿ ಕರೆಯುತ್ತಾರೆ. ಇದನ್ನು ಬರೆಯುವುದೋ ಬೇಡವೋ ಅಂತ ಪೆನ್ನು ನಿಲ್ಲಿಸಿದರು, ಕರಾರು ನೆನಪಿಸಿದೆ. ಹಿತ್ತಲಿನ ಅವರೆ ಸೊಗಡು ತುಂಬಿ ನಿಂತಿದೆ. ಹಿತುಕುವುದಕ್ಕೆ ನನ್ನ ಬೆರಳಿಗೆ ಬಲವಿಲ್ಲ, ಪಕ್ಕದ ಮನೆಯವರಿಗೆ ಕಿತ್ತುಕೊಟ್ಟೆವು. ಬುಚೇಶ್ವರನ ಗುಡಿ ಮುಂದೆ ನಿಸರ್ಗಳನ್ನು ಆಟಕ್ಕೆ ಕರೆದುಕೊಂಡು ಹೋದರೆ, ಬಸ್ಸಿನ ಶಬ್ದ ಕೇಳಿದಾಗೆಲ್ಲ ‘ಅಜ್ಜಿ ಬಂದ್ರಾ’ ಅಂತಾಳೆ. ಏನು ಹೇಳಲಿ ಆ ಮಗುವಿಗೆ?

ನೀವು ಯಾಕೆ ಹೋದಿರಿ ಅಂತ ನೀವೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಸೊಸೆಗೆ ಸಿಂಹಾಸನ ಬಂದದ್ದು ಅತ್ತೆಗೆ ಸಹಿಸಲಾಗಲಿಲ್ಲ ಅಂತ ಊರಿನಲ್ಲಿ ಮಾತಾಗಿದೆ. ಊರಿನ ಬಾಯಿಗೆ ಬೀಗ ಹಾಕುವವರು ಯಾರು? ನಾನು ಮಾತ್ರ ಹಾಗೆ ತಿಳಿದುಕೊಂಡಿಲ್ಲ ಅಂತ ನಿಮಗೆ ಗೊತ್ತಾಗಬೇಕು. ಸುಳ್ಳು ಯಾಕೆ, ಮೊದಲ ವಾರ ನಾನೂ ಸಿಟ್ಟಾಗಿದ್ದೆ. ನನ್ನ ಕತ್ತೇ ಬಿದ್ದುಹೋಗುತ್ತಿದೆ, ಇವರಿಗೆ ಒಂದು ಕುರ್ಚಿ ದೊಡ್ಡದಾಯಿತಾ ಅಂತ ಪಾತ್ರೆ ಕುಕ್ಕಿಕೊಂಡು ಓಡಾಡಿದ್ದೇನೆ. ಆ ಸಿಟ್ಟು ಹೇಗೆ ಇಳಿಯಿತು ಅಂತ ಹೇಳುವುದಕ್ಕೇ ಈ ಕಾಗದ.

ಹಾಸನದ ಆಫೀಸಿಗೆ ಹೋಗುತ್ತಿದ್ದಾಗ ಅಲ್ಲಿ ತಿರುಗುವ ಕುರ್ಚಿ, ಎದೆಮಟ್ಟದ ಮೇಜು ಎಲ್ಲ ಇದ್ದವು. ದೂರದೂರಿನ ಆಸ್ಪತ್ರೆಗಳ ಬಿಲ್ಲು ನೋಡಿ ಕಂಪ್ಯೂಟರಿಗೆ ಹೊಡೆಯುವ ಕೆಲಸ. ಬೆನ್ನು ಅಂತ ಒಂದಿದೆ ಅನ್ನುವುದೇ ಆಗ ನನಗೆ ಗೊತ್ತಿರಲಿಲ್ಲ. ಕೊರೊನಾ ಬಂತು, ಲ್ಯಾಪ್‌ಟಾಪು ಕೊಟ್ಟು ಮನೆಯಿಂದಲೇ ಮಾಡಿ ಅಂದರು. ರೋಗ ಹೋದಮೇಲೂ ಆ ಆಫೀಸು ತೆರೆಯಲೇ ಇಲ್ಲ. ನಮ್ಮ ಮನೆಯಲ್ಲಿ ನೆಟ್‌ವರ್ಕು ಸಿಗುವುದು ಪಡಸಾಲೆಯ ಕಿಟಕಿಯ ಹತ್ತಿರ ಮಾತ್ರ. ಆ ಕಿಟಕಿಯ ಎದುರಿಗೇ ಮಾವ ಕೂರುವ ಬೆಂಚು. ನಮ್ಮ ಮನೆಯಲ್ಲಿ ಮಾವನ ಎದುರು ಹೆಂಗಸರು ಕುರ್ಚಿಯಲ್ಲಿ ಕೂರುವುದಿಲ್ಲ. ಇದನ್ನು ನನಗೆ ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಮದುವೆಯಾಗಿ ಬಂದಾಗ ನೀವು ಕೂರದಿದ್ದದ್ದನ್ನು ನೋಡಿದೆ, ನಾನೂ ಕೂರಲಿಲ್ಲ, ಅಷ್ಟೇ. ಹಾಗಾಗಿ ಕೆಲಸಕ್ಕೂ ನೆಲವೇ ಗತಿಯಾಯಿತು. ಊಟದ ಮಣೆ ಕೂರುವುದಕ್ಕೆ, ಅಡುಗೆಮನೆಯ ಕುಳ್ಳು ಸ್ಟೂಲು ಲ್ಯಾಪ್‌ಟಾಪಿಗೆ. ತಂದು ಹೊಂದಿಸಿಕೊಟ್ಟವರು ನೀವೇ, ಬೆನ್ನಿಗೆ ಒಂದು ದಿಂಬನ್ನೂ ಇಟ್ಟಿರಿ. ಮಾವ ಹೊಲದಿಂದ ಬಂದರೆ ಏಳುವುದು, ಕಾಫಿ ಕುಡಿದು ಹೊರಟರೆ ಏಳುವುದು, ಯಾರಾದರೂ ಅವರನ್ನು ಕೇಳಿಕೊಂಡು ಬಂದರೆ ಏಳುವುದು. ಎದ್ದು ನಿಂತಾಗಲೂ ಕೆಲಸ ನಿಲ್ಲಬಾರದು ಅಂತ ಲ್ಯಾಪ್‌ಟಾಪನ್ನು ಎಡತೋಳಿನ ಮೇಲೆ ಮಗುವಿನ ಹಾಗೆ ಹೊತ್ತುಕೊಂಡು ಬಲಗೈಯಲ್ಲಿ ಹೊಡೆಯುತ್ತಿದ್ದೆ. ಸ್ವಲ್ಪ ಹೊತ್ತು ಕೈ ಬಿಟ್ಟರೂ ಅತ್ತ ಕಂಪನಿಯವರಿಗೆ ತಿಳಿದುಬಿಡುತ್ತಿತ್ತು.

ಆ ಫೋಟೋ ನಿಮಗೆ ನೆನಪಿರಲೇಬೇಕು. ಮನೆಯಲ್ಲಿ ಕೆಲಸ ಮಾಡುವವರು ಹೇಗೆ ಕೂರಬೇಕು ಅಂತ ಕಂಪನಿಯವರು ಒಂದು ಪಾಠ ಮಾಡಿದ್ದರು. ಪಾದ ನೆಲಕ್ಕೆ ಊರಿರಬೇಕು, ಮೊಣಕೈ ಮೇಜಿನ ಮಟ್ಟಕ್ಕಿರಬೇಕು, ಪರದೆ ಕಣ್ಣಿನ ನೇರಕ್ಕಿರಬೇಕು, ವೈರು ಕಾಲಿಗೆ ತೊಡರಬಾರದು. ಎಲ್ಲರೂ ತಾವು ಕೂತ ಜಾಗದ ಫೋಟೋ ಕಳಿಸಬೇಕು ಅಂದರು. ಮಾವ ಡೇರಿಗೆ ಹೋದ ಹೊತ್ತು ನೋಡಿ ನೀವೂ ನಾನೂ ಸೇರಿ ಪಡಸಾಲೆಯಲ್ಲಿ ಒಂದು ಆಫೀಸು ಕಟ್ಟಿದೆವು. ಪ್ಲಾಸ್ಟಿಕ್ ಕುರ್ಚಿ, ಹೊಲಿಗೆ ಮಿಷನ್ನಿನ ಮೇಜು, ಲ್ಯಾಪ್‌ಟಾಪಿನ ಕೆಳಗೆ ಪಂಚಾಂಗಗಳ ಕಟ್ಟು. ನೀವು ನನ್ನ ಕೂದಲು ಬಾಚಿ, ಕುಂಕುಮ ಸರಿಮಾಡಿ, ಹೊಸ ರವಿಕೆ ಹಾಕಿಸಿ, ಮೊಬೈಲು ಹಿಡಿದು ‘ಎಣ್ಣು ನೋಡಕ್ಕೆ ಬರೋರ್ಗೆ ಕಳ್ಸೋ ಪೋಟ ಇದ್ದಂಗದೆ ಕಣವ್ವ’ ಅಂದಿರಿ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾವನ ಸೈಕಲ್ಲಿನ ಸದ್ದಾಗುವಷ್ಟರಲ್ಲಿ ಕುರ್ಚಿ ಅಟ್ಟಕ್ಕೆ, ಮೇಜು ಮೂಲೆಗೆ, ನಾನು ಮಣೆಗೆ. ಸುರಕ್ಷತೆಗೆ ಪೂರ್ತಿ ಅಂಕ ಬಂತು ಅಂತ ಕಂಪನಿಯಿಂದ ಶಾಭಾಷ್ ಬಂದಿತ್ತು.

ನೋವು ಶುರುವಾದಾಗ ನೀವು ಮಾಡದ್ದಿಲ್ಲ. ಎಳ್ಳೆಣ್ಣೆ ಕಾಯಿಸಿ ಕತ್ತಿಗೆ ನೀವಿದಿರಿ, ಹುರುಳಿ ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಿರಿ, ದೃಷ್ಟಿ ತೆಗೆದಿರಿ, ಚನ್ನರಾಯಪಟ್ಟಣದ ಕಡೆ ಉಳುಕು ತೆಗೆಯುವವರ ಹತ್ತಿರ ಬಸ್ಸಿನಲ್ಲಿ ಕರೆದುಕೊಂಡು ಹೋದಿರಿ. ನನ್ನನ್ನು ಹೆತ್ತವ್ವ ಇದ್ದಿದ್ದರೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ. ನೆಲದಿಂದ ಏಳಿಸಬೇಕು ಅಂತ ಮಾತ್ರ ನಿಮಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನೆಲದ ಮೇಲೆ ಕೂತು ಯಾರಿಗೆ ಏನಾಗಿದೆ ಅಂತ ನಮ್ಮ ಲೆಕ್ಕ. ರಾಗಿ ಕಲ್ಲು ಬೀಸಿದವರು, ಬತ್ತ ಕುಟ್ಟಿದವರು ಎಲ್ಲ ನೆಲದ ಮೇಲೆ ಕೂತವರೇ ಅಲ್ಲವೇ? ಅವರು ಬೆಳಗಿನಿಂದ ಸಂಜೆಯವರೆಗೆ ಕತ್ತು ಬಗ್ಗಿಸಿಕೊಂಡು ಒಂದೇ ಕಡೆ ನೋಡುತ್ತಿರಲಿಲ್ಲ ಅನ್ನುವುದನ್ನು ಡಾಕ್ಟರು ಆಮೇಲೆ ಹೇಳಿದರು. ಹಾಲಿನ ಚೊಂಬು ಕೈಯಿಂದ ಬಿತ್ತು, ಎರಡನೆಯ ಸಲವೂ ಬಿತ್ತು. ನಿಸರ್ಗಳ ಯೂನಿಫಾರ್ಮಿನ ಗುಂಡಿ ಹಾಕಲಾಗದೆ ನಾನು ಅತ್ತ ದಿನ ನೀವು ‘ಇದು ಉಳುಕಲ್ಲ ಕಣವ್ವ, ನಡಿ’ ಅಂತ ಹಾಸನಕ್ಕೆ ಹೊರಡಿಸಿದಿರಿ.

ಆಸ್ಪತ್ರೆಯಲ್ಲಿ ನಡೆದದ್ದನ್ನು ಮಾವನಿಗೆ ನಾವಿಬ್ಬರೂ ಹೇಳಿರಲಿಲ್ಲ, ಈಗ ಬರೆಯುತ್ತಾ ತಿಳಿದುಕೊಳ್ಳಲಿ. ಹೇಗೆ ಕೂತು ಕೆಲಸ ಮಾಡುತ್ತೀರಿ ತೋರಿಸಿ ಅಂದರು ಡಾಕ್ಟರು. ನಾನು ಅವರ ರೂಮಿನ ನೆಲದ ಮೇಲೆ ಕೂತು, ಕತ್ತು ಬಗ್ಗಿಸಿ ತೋರಿಸಿದೆ. ಅವರು ಬಗ್ಗಿ ನನ್ನ ಕತ್ತು ಮುಟ್ಟಿ ನೋಡಿದರು. ಆಮೇಲೆ ನಿಮ್ಮ ಕಡೆ ತಿರುಗಿ, ಮನೇಲಿ ಒಂದು ಕುರ್ಚಿ ಇಲ್ವೇನಮ್ಮ ಅಂದರು. ನೀವು ಸೆರಗು ಹೊದ್ದುಕೊಂಡು ‘ಅವೆ ಸಾ, ನಾಕವೆ’ ಅಂದಿರಿ. ಕತ್ತಿನ ಮೂಳೆ ನಡುವಿನ ಮೆತ್ತೆ ಆಚೆ ಬಂದು ನರ ಅಮುಕಿದೆ, ಬಹಳ ದಿನದಿಂದ ಅಮುಕಿದೆ, ಇನ್ನು ನೆಲದ ಮೇಲೆ ಕೂರುವ ಹಾಗಿಲ್ಲ ಅಂತ ಅವರು ಹೇಳುತ್ತಿದ್ದದ್ದು ನನಗೆ ಅರ್ಧ ಕೇಳಿಸಲಿಲ್ಲ. ನಿಮ್ಮ ಮುಖವನ್ನೇ ನೋಡುತ್ತಿದ್ದೆ. ಬಸ್ಸಿನಲ್ಲಿ ಊರು ಬರುವವರೆಗೂ ನೀವು ನನ್ನ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಿರಿ.

ನೆಲದ ಮೇಲೆ ಕೂರಬಾರದಂತೆ ಅಂತಷ್ಟೇ ಮನೆಯಲ್ಲಿ ಹೇಳಿದೆವು, ಅದಕ್ಕೆ ಮಾವ ಹಾಸನಕ್ಕೆ ಹೋಗಿ ಲಗೇಜ್ ಆಟೋದಲ್ಲಿ ಆ ಕುರ್ಚಿ ತಂದರು. ಚಕ್ರದ್ದು, ಬೆನ್ನಿಗೆ ಮೆತ್ತೆ ಇರುವುದು, ಮೇಲೆ ಕೆಳಗೆ ಆಗುವುದು. ಕಿಟಕಿಯ ಹತ್ತಿರ ಇಟ್ಟು, ‘ಕೂತ್ಕಳವ್ವ ರೂಪ. ನಾನು ಬಂದ್ರೂ ಏಳ್ಬ್ಯಾಡ’ ಅಂದರು. ನಾನು ಕೂತೆ. ನೀವು ಅಡುಗೆಮನೆ ಬಾಗಿಲಲ್ಲಿ ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟಿರಿ. ಕುರ್ಚಿ ನೋಡಲು ಬಂದ ಪಕ್ಕದ ಮನೆಯವರು ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಅಂದಾಗ ನೀವೂ ಎಲ್ಲರ ಜೊತೆ ನಕ್ಕಿರಿ. ಮಾರನೆಯ ಬೆಳಗ್ಗೆ ಬ್ಯಾಗಿಗೆ ಸೀರೆ ತುಂಬುತ್ತಾ, ನಾನು ಬಾಗಿಲಲ್ಲಿ ಇದ್ದೇನೆ ಅಂತ ಗೊತ್ತಿಲ್ಲದೆ, ನಿಮ್ಮಷ್ಟಕ್ಕೆ ನೀವೇ ಒಂದು ಮಾತಾಡಿದಿರಿ. ‘ನಂಗೆ ಯಾರೂ ಒಂದಿನ ಇಂಗಂದಿರ್ಲಿಲ್ಲ.’ ಇಷ್ಟೇ ನೀವು ಹೇಳಿದ್ದು. ನಾನು ಕೇಳಿಸಿಕೊಳ್ಳದವಳ ಹಾಗೆ ಅಡುಗೆಮನೆಗೆ ಹೋಗಿಬಿಟ್ಟೆ.

ಮಾವ ಇಲ್ಲಿಗೆ ಪೆನ್ನು ಇಟ್ಟು ಎದ್ದು ಕೊಟ್ಟಿಗೆಗೆ ಹೋಗಿದ್ದರು. ಹಸುವಿಗೆ ಹುಲ್ಲು ಹಾಕುವ ಹೊತ್ತೇನೂ ಅಲ್ಲ. ಬಂದು ಕೂತು ‘ನಾನೇನು ಕೂರ್ಬ್ಯಾಡ ಅಂದಿದ್ನಾ?’ ಅಂದರು. ಇಲ್ಲ ಮಾವ, ನೀವು ಅಂದಿರಲಿಲ್ಲ ಅಂದೆ. ಅದನ್ನೂ ಬರೆಯಿರಿ ಅಂದೆ, ಬರೆದಿದ್ದಾರೆ. ಅವರ ಕಣ್ಣು ನೋಡುವುದಕ್ಕೆ ನನ್ನಿಂದ ಆಗುತ್ತಿಲ್ಲ ಅತ್ತೆ. ಒಳ್ಳೆಯ ಮನುಷ್ಯ, ಅದು ನಿಮಗೂ ಗೊತ್ತು. ಒಳ್ಳೆಯವರ ಮನೆಯಲ್ಲೂ ಇದೆಲ್ಲ ಆಗುತ್ತದೆ ಅನ್ನುವುದೇ ನನಗೆ ಸಂಕಟ.

ಸಿಟ್ಟು ಇಳಿದದ್ದು ಹೀಗೆ. ನೀವು ಹೋದಮೇಲೆ ಒಂದು ಮಧ್ಯಾಹ್ನ ಆ ಕುರ್ಚಿಯಲ್ಲಿ ಕೂತು ಸುಮ್ಮನೆ ಎದುರಿಗೆ ನೋಡುತ್ತಿದ್ದೆ. ನೆಲದ ಮೇಲೆ ಕೂತಷ್ಟು ವರ್ಷ ನನ್ನ ಕಣ್ಣಿಗೆ ಬೀಳದ ಒಂದು ಗುರುತು ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಕಂಡಿತು. ಸುಣ್ಣದ ಮೇಲೆ ಅಂಗೈ ಅಗಲ ಕಪ್ಪಗೆ, ನಯವಾಗಿ, ಎಣ್ಣೆ ಇಳಿದ ಹಾಗೆ. ಎದ್ದು ಹೋಗಿ ಒರಗಿ ನೋಡಿದೆ. ನಿಮ್ಮ ಭುಜದ ಎತ್ತರ. ಮಾವನ ಹತ್ತಿರ ಜನ ಬಂದಾಗೆಲ್ಲ ನೀವು ನಿಂತುಕೊಳ್ಳುವ ಜಾಗ ಅದು. ಪ್ರತಿ ಯುಗಾದಿಗೆ ಸುಣ್ಣ ಹೊಡೆಯುತ್ತೇವೆ, ಮತ್ತೆ ಆಗುತ್ತದೆ. ಮದುವೆಯಾಗಿ ಬಂದಾಗಿನಿಂದ ನೀವು ಅಲ್ಲಿ ನಿಂತಿದ್ದೀರಿ. ನಿಮ್ಮ ಮಂಡಿ ಸವೆದಿದೆ ಅಂತ ಎಕ್ಸ್‌ರೇ ತೆಗೆದಾಗ ವಯಸ್ಸಾಯಿತು ಬಿಡಿ ಅಂತ ಎಲ್ಲರೂ ಅಂದೆವು. ಆಗ ಯಾರೂ ಆಟೋದಲ್ಲಿ ಏನನ್ನೂ ತರಲಿಲ್ಲ. ಆ ಗೋಡೆಗೆ ಒರಗಿಕೊಂಡು ನಾನು ಬಹಳ ಹೊತ್ತು ಅತ್ತುಬಿಟ್ಟೆ. ನೀವು ಮುನಿಸಿಕೊಂಡು ಹೋದಿರಿ ಅಂದವರಿಗೆಲ್ಲ ಅಂದಿನಿಂದ ಜಗಳಕ್ಕೆ ನಿಲ್ಲುತ್ತಿದ್ದೇನೆ.

ಕೆಲಸದ ವಿಷಯ ಪ್ರತಿಭಾ ಹೇಳಿರಬಹುದು. ಕೈ ನಿಧಾನವಾಯಿತು ಅಂತ ಡಿಸೆಂಬರಿನಲ್ಲಿ ಬಿಡಿಸಿದರು. ಕೆಲಸದಿಂದಲೇ ಬಂದ ನೋವು, ಆಪರೇಷನ್ನಿಗೆ ಏನಾದರೂ ನೆರವಾಗಿ ಅಂತ ನಿಮ್ಮ ಮಗ ಕೇಳಿದ್ದಕ್ಕೆ ಅವರು ನಾವು ತೆಗೆದ ಆ ಫೋಟೋವನ್ನೇ ತಿರುಗಿ ಕಳಿಸಿದರು. ಬೆನ್ನು ನೆಟ್ಟಗಿದೆ, ಪಾದ ನೆಲಕ್ಕೆ ಊರಿದೆ, ನೀವು ಸರಿಯಾಗಿಯೇ ಕೂರುತ್ತಿದ್ದಿರಿ ಅಂದರು. ಅದು ನಿಮ್ಮಿಂದ ಆದದ್ದು ಅಂತ ನೀವು ಒಳಗೊಳಗೇ ಕೊರಗುತ್ತಿದ್ದರೆ ಈಗಲೇ ಬಿಟ್ಟುಬಿಡಿ. ಹಾಗೆ ಫೋಟೋ ಕಳಿಸಿದ್ದು ನಾನೊಬ್ಬಳೇ ಅಲ್ಲ. ಹೊಳೆನರಸೀಪುರದಿಂದ ನನ್ನ ಜೊತೆ ಕೆಲಸ ಮಾಡುತ್ತಿದ್ದ ದೀಪಶ್ರೀ ತಂಗಿಯ ಮನೆಯ ಊಟದ ಮೇಜಿನಲ್ಲಿ ಕೂತು ತೆಗೆಸಿಕೊಂಡಿದ್ದಳಂತೆ. ನಿಜವಾಗಿ ಹೇಗೆ ಕೂರುತ್ತೀರಿ ಅಂತ ಮನೆಗೆ ಬಂದು ನೋಡಿದವರು ಯಾರೂ ಇಲ್ಲ. ಅವತ್ತಿನ ನಗುವೊಂದು ಮಾತ್ರ ನಮ್ಮದು, ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಈಗ ಕುರ್ಚಿ ಇದೆ, ಕೆಲಸ ಇಲ್ಲ. ಏಳಬೇಡ ಅಂದಿದ್ದರೂ ಮಾವ ಒಳಗೆ ಬಂದರೆ ನನ್ನ ಕಾಲು ತಾನೇ ಎದ್ದುಬಿಡುತ್ತದೆ. ಅವರು ಕೈಸನ್ನೆ ಮಾಡುತ್ತಾರೆ, ನಾನು ಕೂರುತ್ತೇನೆ, ಮತ್ತೆ ಬಂದರೆ ಮತ್ತೆ ಏಳುತ್ತೇನೆ. ಬರುವ ಗುರುವಾರ ಹಾಸನದಲ್ಲಿ ಆಪರೇಷನ್. ಡಾಕ್ಟರು ನಿಮ್ಮ ಮಗನನ್ನೂ ಮಾವನನ್ನೂ ಒಳಗೆ ಕರೆದು ಎಲ್ಲ ವಿವರಿಸಿದ್ದಾರೆ. ಆಪರೇಷನ್ ಆದಮೇಲೆ ಕೈ ಮೊದಲಿನ ಹಾಗೆ ಆಗುತ್ತದಂತೆ. ಆ ಧೈರ್ಯದ ಮೇಲೆ ಇದ್ದೇನೆ. ಕೈ ಬಂದಮೇಲೆ ಬೇರೆ ಕೆಲಸ ಹುಡುಕುತ್ತೇನೆ, ನನ್ನ ಜಡೆ ನಾನೇ ಹಾಕಿಕೊಳ್ಳುತ್ತೇನೆ. ಈಗ ನಿಮ್ಮ ಮಗ ಹಾಕುತ್ತಿದ್ದಾರೆ, ಹಸುವಿಗೆ ಹಗ್ಗ ಹೊಸೆದ ಹಾಗೆ. ನಿಮ್ಮನ್ನು ನನ್ನ ಸೇವೆಗೆ ಬನ್ನಿ ಅಂತ ಕರೆಯುತ್ತಿಲ್ಲ ಅತ್ತೆ. ಮಾಡುವವರು ಇದ್ದಾರೆ. ನನಗೆ ಭಯವಾಗುತ್ತಿದೆ, ನೀವು ಹತ್ತಿರ ಇರಬೇಕು ಅನಿಸುತ್ತಿದೆ. ಬರಲೇಬೇಕು ಅನ್ನುವುದಿಲ್ಲ. ನೀವು ಬರದಿದ್ದರೂ ಅದಕ್ಕೆ ಕಾರಣ ಇದೆ ಅಂತ ನನಗೆ ಗೊತ್ತಿರುತ್ತದೆ.

ಪ್ರತಿಭಾಗೆ ನೆನಪು ಮಾಡಿದೆ ಅಂತ ಹೇಳಿ. ನಿಮ್ಮ ಅಳಿಯ ಮೋಹನ್‌ಕುಮಾರ್ ಅವರಿಗೆ ನಮಸ್ಕಾರ. ನಿಸರ್ಗ ನಿಮಗೆ ಮುತ್ತು ಕೊಟ್ಟಿದ್ದಾಳೆ, ಇದನ್ನು ಬರೆಯಲು ಮಾವ ನಾಚಿಕೊಂಡರು. ನಿಮ್ಮ ಆಶೀರ್ವಾದ ಇರಲಿ. ಸಹಿ ಎಡಗೈಯಲ್ಲಿ ಹಾಕುತ್ತಿದ್ದೇನೆ, ಕಾಗೆ ಕಾಲಿನ ಹಾಗೆ ಬಂದರೆ ನಗಬೇಡಿ.

ನಿಮ್ಮ ಸೊಸೆ,
ರೂಪಶ್ರೀ

ವಿ.ಸೂ.: ಮನು ತಾಯಿಗೆ. ಇದು ರೂಪ ಹೇಳಿದ್ದಲ್ಲ, ನನ್ನ ಮಾತು. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ. ಕೊಣನೂರಿನ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತೇನೆ, ಅಳಿಯಂದಿರು ಬಂದು ಇಸಿದುಕೊಳ್ಳುತ್ತಾರೆ. ಕೈ ಮೊದಲಿನ ಹಾಗೆ ಆಗುತ್ತದೆ ಅಂತ ಡಾಕ್ಟರು ಹೇಳಿಲ್ಲ. ತಡವಾಗಿದೆ, ಬಲಗೈಯ ಆಸೆ ಬಿಡಿ, ಆಪರೇಷನ್ ಮಾಡುವುದು ಎಡಗೈಯೂ ಕಾಲೂ ಉಳಿಯಲಿ ಅಂತ ಅಂದರು. ಹೊರಗೆ ಬಂದಾಗ ರೂಪ ಮಗುವಿನ ಹಾಗೆ ನಮ್ಮ ಮುಖ ನೋಡಿದಳು. ಮನು ‘ಸರಿಹೋಗ್ತದೆ’ ಅಂದುಬಿಟ್ಟ. ನಾನು ಸುಮ್ಮನಿದ್ದೆ. ಇವತ್ತು ಅವಳು ಅದನ್ನೇ ಹೇಳಿದಳು, ನಾನೇ ನನ್ನ ಕೈಯಾರೆ ಬರೆದೆ. ಗುರುವಾರದೊಳಗೆ ಯಾರಾದರೂ ಅವಳಿಗೆ ನಿಜ ಹೇಳಬೇಕು. ನೀನು ನನ್ನ ಮುಖ ನೋಡಿ ಬರಬೇಡ, ಅದನ್ನು ಕೇಳುವ ಯೋಗ್ಯತೆ ನನಗಿಲ್ಲ. ಅವಳಿಗೋಸ್ಕರ ನಾಳೆ ಮೊದಲನೇ ಬಸ್ಸಿಗೆ ಬಾ. ನೀನು ಹೇಳಿದರೆ ನಿನ್ನ ಮಡಿಲಲ್ಲಿ ತಲೆ ಇಟ್ಟುಕೊಂಡು ಅಳುತ್ತಾಳೆ. ನಾನು ಹೇಳಿದರೆ ಎದ್ದು ನಿಂತುಕೊಂಡು ‘ಸರಿ ಮಾವ’ ಅಂತಾಳೆ.

ಮಂಜುನಾಥ